ಪಕ್ಕದ ಸೀಟಿನ ಬ್ರೇಕು

“ಇನ್ನೊಂದ್ಸಲ ಸೆಲ್ಫ್ ಹೊಡಿ,” ಎಂದ ಮೆಕ್ಯಾನಿಕ್, ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡೇ.

ಸ್ಟೀರಿಂಗ್ ಮುಂದೆ ಕೂತಿದ್ದ ಬೀದಿಯ ಟೈಲರ್ ಕೀಲಿ ತಿರುಗಿಸಿದ. ಹಳೇ ಕಾರು ಗರಗರ ತಿರುಗಿತೇ ಹೊರತು ಹತ್ತಿಕೊಳ್ಳಲಿಲ್ಲ. ಅದರ ಹಿಂದೆ ಶವದ ವ್ಯಾನು ನಿಂತಿತ್ತು. ಒಳಗೆ ಡ್ರೈವಿಂಗ್ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೇರೆಯವರು ಗಾಡಿ ಓಡಿಸುವುದರ ಬಗ್ಗೆ ಜೀವಮಾನದಲ್ಲಿ ಮೊದಲ ಸಲ ಏನೂ ಹೇಳದೆ ಮಲಗಿದ್ದರು. ಬೀದಿಯುದ್ದಕ್ಕೂ ಅವರ ಶಿಷ್ಯರ ವಾಹನಗಳು.

“ಬ್ಯಾಟರಿ ಚೆನ್ನಾಗಿದೆ, ಪೆಟ್ರೋಲೂ ಬರ್ತಾ ಇದೆ. ಪ್ಲಗ್ಗಿಗೆ ಕಿಡಿನೇ ಇಲ್ಲ,” ಎಂದು ಮೆಕ್ಯಾನಿಕ್ ಕೈ ಒರೆಸಿಕೊಂಡ. “ಬಿಚ್ಚಿ ನೋಡಕ್ಕೆ ಹೋದ್ರೆ ಸಂಜೆ ಆಗುತ್ತೆ ಅಮ್ಮಾ.”

“ಅಮ್ಮಾ, ನನ್ನ ಕಾರಲ್ಲೇ ಹೋಗೋಣ ಬಾ,” ಎಂದಳು ಮಗಳು.

ಮೇಷ್ಟ್ರ ಹೆಂಡತಿ ಕದಲಲಿಲ್ಲ. “ಈ ಕಾರು ಬಿಟ್ಟು ನಿಮ್ಮಪ್ಪ ಮೂಲೆ ಅಂಗಡಿಗೂ ಹೋದವರಲ್ಲ. ಇದು ಮುಂದೆ ಹೋಗಬೇಕು, ಅವರು ಹಿಂದೆ.”

“ತಪ್ಪು ತಿಳೀಬೇಡಿ ಅಮ್ಮಾ, ನಂಗೆ ಇನ್ನೊಂದು ಮನೆಗೆ ಹೋಗೋದಿದೆ,” ಎಂದು ವ್ಯಾನಿನ ಚಾಲಕ ತಲೆ ತುರಿಸಿಕೊಂಡ. “ಇನ್ನು ಸ್ವಲ್ಪ ಹೊತ್ತು ಕಾಯ್ತೀನಿ, ಅಷ್ಟೇ.”

ಮೇಷ್ಟ್ರ ಹೆಂಡತಿಯ ಮನಸ್ಸಿನಲ್ಲಿ ಇನ್ನೊಂದು ಆಸೆಯೂ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

*

ಮದುವೆಯಾದಾಗಿನಿಂದ ಡ್ರೈವಿಂಗ್ ಬೇಡವೆಂದದ್ದು ಅವಳೇ. “ನಿಮ್ಮ ಕೈಲಿ ಬೈಸ್ಕೊಳ್ಳೋಕೆ ಮನೆಯೊಳಗೇ ಜಾಗ ಇದೆ, ರೋಡಿಗೆ ಯಾಕೆ ಬರ್ಲಿ?” ಎನ್ನುತ್ತಿದ್ದಳು. ಈಚೆಗೆ ಒಂದು ದಿನ, ಯಾವ ಮಾಯೆಯೋ, “ನಂಗೂ ಕಲಿಸ್ತೀರಾ?” ಎಂದು ಕೇಳಿಬಿಟ್ಟಳು.

ಮಗಳಿಗೂ ತಿಳಿಸದೆ, ಬೆಳಗಾಗುವ ಮುಂಚೆ ಇಬ್ಬರೂ ಕಾರು ತೆಗೆಯುತ್ತಿದ್ದರು. ಊರಿಗೆಲ್ಲ ಬೈಯುವ ಮೇಷ್ಟ್ರು ಅವಳಿಗೆ ಒಂದು ಮಾತೂ ಬೈಯಲಿಲ್ಲ. ಅವಳು ಹದ ತಪ್ಪಿದಾಗಲೆಲ್ಲ ಪಕ್ಕದ ಸೀಟಿನಲ್ಲಿ ತಮ್ಮ ಕಾಲಡಿಗಿದ್ದ, ಕಲಿಸುವವರ ಎರಡನೇ ಬ್ರೇಕನ್ನು ಮೆಲ್ಲಗೆ ಒತ್ತಿ, ಒತ್ತಿದವರು ಬೇರೆ ಯಾರೋ ಎಂಬಂತೆ ಕಿಟಕಿಯಾಚೆ ನೋಡುತ್ತ ಗುನುಗುತ್ತಿದ್ದರು.

ಮೊನ್ನೆ ಸಂಜೆ, “ನಾಳೆ ನಿಂಗೆ ಕೊನೇ ಪಾಠ,” ಎಂದರು.

“ಏನದು?”

“ಮೊದ್ಲೇ ಹೇಳಿದ್ರೆ ಅದು ಪಾಠ ಹೇಗಾಗುತ್ತೆ?”

ಕಾರಿನ ಹತ್ತಿರ ಹೋಗಿ ಏನೋ ಮಾಡಿ, ಕದ್ದು ಬೆಲ್ಲ ತಿಂದ ಹುಡುಗನ ಮುಖ ಮಾಡಿಕೊಂಡು ಬಂದರು. ಹಾಗೇ ನಗುತ್ತ ಮಲಗಿದವರು ಬೆಳಿಗ್ಗೆ ಏಳಲಿಲ್ಲ.

*

“ಈ ಕಾರು ನಂಗೂ ಹಿಂಗೇ ಕೈಕೊಟ್ಟಿತ್ತು,” ಎಂದ ಟೈಲರ್, ಸ್ಟೀರಿಂಗ್ ಸವರುತ್ತ. “ಅದೂ ನನ್ನ ಕೊನೇ ಕ್ಲಾಸಲ್ಲಿ.”

ಮೆಕ್ಯಾನಿಕ್ ತಲೆಯೆತ್ತಿದ. “ನಂಗೂ ಕೊನೇ ಕ್ಲಾಸಲ್ಲೇ. ಬೆವರು ಕಿತ್ಕೊಂಡು ಬಂದಿತ್ತು. ಇದರ ಹೊಟ್ಟೇಲಿ ಏನಿದೆ ನೋಡೇಬಿಡ್ತೀನಿ ಅಂತ್ಲೇ ನಾನು ಈ ಕೆಲಸಕ್ಕೆ ಬಂದಿದ್ದು.”

“ಅಲ್ರಪ್ಪಾ,” ಎಂದು ವ್ಯಾನಿನ ಚಾಲಕ ಹತ್ತಿರ ಬಂದ, “ನಾನೂ ಇವರ ಹತ್ರಾನೇ ಕಲ್ತಿದ್ದು. ನಂದೂ ಅದೇ ಕತೆ.”

ಹೆಂಡತಿಯ ಕಿವಿ ನೆಟ್ಟಗಾಯಿತು. “ಆಮೇಲೆ ಹೇಗೆ ಸ್ಟಾರ್ಟ್ ಆಯ್ತು?”

“ಗಾಬರಿ ಬೀಳ್ದೆ ಒಂದೊಂದೇ ನೋಡು ಅಂದ್ರು. ನೋಡ್ದೆ. ಆಮೇಲೆ ‘ಈಗ ಸೆಲ್ಫ್ ಕೊಡು’ ಅಂದ್ರು. ಹತ್ಕೊಳ್ತು,” ಎಂದ ಚಾಲಕ.

“ಆಗ ಅವರು ಏನ್ ಮಾಡ್ತಿದ್ರು?”

“ಏನೂ ಇಲ್ಲ. ಪಕ್ಕದ ಸೀಟಲ್ಲಿ ಕೂತು, ಕಿಟಕಿ ಆಚೆ ನೋಡ್ತಾ ಗುನುಗ್ತಾ ಇದ್ರು.”

ಗುನುಗುತ್ತಿದ್ದರಂತೆ. ಅವಳು ಹೋಗಿ ಪಕ್ಕದ ಸೀಟಿನಲ್ಲಿ ಕುಳಿತಳು. ಅವರಂತೆಯೇ ಕಿಟಕಿಯಾಚೆ ನೋಡಿದಳು. ಕೈಯನ್ನು ಸುಮ್ಮನೆ ಜೋಲುಬಿಟ್ಟಳು. ಸೀಟಿನಡಿ, ಬೆರಳು ತಾನಾಗಿಯೇ ತಲುಪುವಲ್ಲಿ, ಒಂದು ಪುಟ್ಟ ಸ್ವಿಚ್ಚು ಸಿಕ್ಕಿತು. ಟಕ್ ಎಂದು ಒತ್ತಿದಳು.

ಇಳಿದು ಸುತ್ತಿ ಬಂದು ಟೈಲರನ ಬಾಗಿಲು ತೆಗೆದಳು. “ಇಳಿಯಪ್ಪಾ. ಈ ಪಾಠ ನಂದು.”

ಕೀಲಿ ತಿರುಗಿಸಿದಳು. ಕಾರು ಒಂದೇ ಏಟಿಗೆ ಎದ್ದು ಕುಳಿತಂತೆ ಗುಡುಗಿತು.

ಮೆಕ್ಯಾನಿಕ್ ಸೀಟಿನಡಿ ಬಗ್ಗಿ ನೋಡಿ, “ಕಿಡಿ ನಿಲ್ಸೋ ಸ್ವಿಚ್ಚು ಕಣ್ರೋ. ಇಷ್ಟು ವರ್ಷ ನಮ್ಮನ್ನೆಲ್ಲ ಕುಣಿಸಿದ್ದಾರೆ, ಕಳ್ಳ ಮೇಷ್ಟ್ರು,” ಎನ್ನುತ್ತ ಅಲ್ಲೇ ನೆಲಕ್ಕೆ ಕುಸಿದು ನಗತೊಡಗಿದ. ನಗು ಬೀದಿಯ ಕೊನೆಯವರೆಗೂ ಹಬ್ಬಿತು. ವ್ಯಾನಿನ ಚಾಲಕ ಕಣ್ಣೊರೆಸಿಕೊಳ್ಳುತ್ತಲೇ ಇನ್ನೊಂದು ಮನೆಗೆ ಫೋನು ಮಾಡಿ, ತಡವಾಗುತ್ತದೆಂದ.

“ಅಮ್ಮಾ, ನೀನು ಯಾವಾಗ...” ಎನ್ನುತ್ತ ಮಗಳು ಕಾರಿನ ಬಳಿ ಓಡಿಬಂದಳು.

“ಎಲ್ ಬೋರ್ಡು ಡಿಕ್ಕಿಲಿದೆ, ಕಟ್ಟಿ ಬಂದು ಪಕ್ಕದಲ್ಲಿ ಕೂತ್ಕೋ.”

ಕಾರು ಒಮ್ಮೆ ಜಿಗಿದು, ಮುಂದೆ ಸಾಗಿತು. ಹಿಂದೆ ವ್ಯಾನು, ಅದರ ಹಿಂದೆ ಶಿಷ್ಯರ ಕಾರು, ಲಾರಿ, ಸ್ಕೂಟರು, ಎಲ್ಲವೂ ಕೆಂಪು ಎಲ್ ಬೋರ್ಡಿನ ಬೆನ್ನಿಗೆ ಎರಡನೇ ಗೇರಿನಲ್ಲಿ. ಯಾರೂ ಹಾರನ್ ಮುಟ್ಟಲಿಲ್ಲ.

ಮೊದಲ ತಿರುವಿನಲ್ಲಿ ಅವಳ ವೇಗ ತುಸು ಹೆಚ್ಚಾಯಿತು. ಅವಳು ಬ್ರೇಕಿಗೆ ಕಾಲಿಡುವ ಮುಂಚೆಯೇ ಕಾರು ಮೆಲ್ಲಗೆ ನಿಧಾನವಾಯಿತು.

ಪಕ್ಕಕ್ಕೆ ತಿರುಗಿ ನೋಡಿದಳು. ಮಗಳು ಕಿಟಕಿಯಾಚೆ ನೋಡುತ್ತ ಗುನುಗುತ್ತಿದ್ದಳು.