ಮಲ್ಪೆಯ ಫೋಟೋ

ಅಕ್ಷಯಾ ಹಾರ್ಡ್ ಡಿಸ್ಕಿನ ವಯರನ್ನು ಕಿತ್ತು ಮೂರನೆಯ ಸಲ ಚುಚ್ಚಿದಳು. ಪರದೆಯ ಮೇಲೆ ಮತ್ತೆ ಅವೇ ಫೋಲ್ಡರುಗಳು ಬಂದವು: ಮದುವೆಗಳು, ಉಪನಯನ, ಊರು ೨೦೦೪. ಒತ್ತಿದರೆ ಒಂದೂ ತೆರೆಯಲಿಲ್ಲ. ಪ್ರತಿಯೊಂದರ ಮೂಲೆಯಲ್ಲೂ ಸಣ್ಣದೊಂದು ಬಾಣವಿತ್ತು.

ಹಿಂದೆ ಹಾಲ್‌ನಲ್ಲಿ ಅವಳ ಅಪ್ಪ ಮುರಾರಿ ರಾಯರನ್ನು ಮಲಗಿಸಲಾಗಿತ್ತು. ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಆಸ್ಪತ್ರೆಯ ಮೆಟ್ಟಿಲನ್ನೂ ಕಾಣಲಿಲ್ಲ. ದೇಹ ಎತ್ತಿದ ಮೇಲೆ ಆ ಜಾಗದಲ್ಲಿ, ದೀಪದ ಹತ್ತಿರ, ಇಡಲು ಒಂದು ಫೋಟೋ ಬೇಕಿತ್ತು.

"ಮಲ್ಪೆಯದ್ದು ಸಿಕ್ಕಿತಾ ಮಗಾ?" ರಾಯರ ತಲೆಯ ಬಳಿ ಕೂತ ಅಮ್ಮ ಪ್ರಭಾ ಕೇಳಿದರು. "ಅವರು ಫೋಟೋದಲ್ಲಿ ನಗಾಡಿದ್ದು ಅದೊಂದೇ. ನೀನೇ ತೆಗೆದದ್ದಲ್ವಾ."

"ಹುಡುಕ್ತಿದ್ದೇನೆ ಅಮ್ಮಾ."

ಮುಂಬಯಿ ಪಕ್ಕದ ಈ ಡೊಂಬಿವಲಿಯಲ್ಲಿ ಊರವರ ಯಾವ ಮದುವೆಗೆ ಹೋದರೂ ರಾಯರಿಗೆ ಊಟ ಕಡೆಯ ಪಂಕ್ತಿಯಲ್ಲಿ, ಕೈಯಲ್ಲಿ ಕ್ಯಾಮೆರಾ. ಎಲ್ಲರನ್ನೂ ತೆಗೆದರು. ತಾವು ಮಾತ್ರ ಒಂದರಲ್ಲೂ ಇಲ್ಲ, ಆ ಮಲ್ಪೆಯದ್ದೊಂದು ಬಿಟ್ಟು.

"ಬೇಗ ಆಗ್ಬೇಕು," ಎಂದರು ಪಕ್ಕದಲ್ಲಿ ನಿಂತ ವಸಂತಕುಮಾರ. ಸ್ಟೇಷನ್ ಎದುರು ಹೋಟೆಲ್ ನಡೆಸುವ ಅವರು ರಾಯರ ಮೂವತ್ತು ವರ್ಷದ ಗೆಳೆಯ. "ಸ್ಟುಡಿಯೋದವ ಅರ್ಧ ಗಂಟೆ ಕೇಳ್ತಾನೆ. ಹನ್ನೊಂದಕ್ಕೆ ಸ್ಮಶಾನದ ಗಾಡಿ ಬರ್ತದೆ."

ಅಕ್ಷಯಾ ದನಿ ತಗ್ಗಿಸಿದಳು. "ಅಂಕಲ್, ಇದರಲ್ಲಿ ಕುಛ್ ಭೀ ನಹೀ ಹೈ, ಒಂದು ಫೋಟೋನೂ ಇಲ್ಲ. ಪಪ್ಪಾ ಕಾಪಿ ಮಾಡಿದ್ದು ಬರೀ ಶಾರ್ಟ್‌ಕಟ್."

"ಹಾಗಂದ್ರೆ?"

"ಮನೆಯ ಅಡ್ರೆಸ್ ಬಂತು. ಮನೆ ಬರ್ಲಿಲ್ಲ."

"ಕಂಪ್ಯೂಟರಿನಲ್ಲೇ ಇರ್ಬೇಕಲ್ಲ?"

"ಸೋಮವಾರ ಫಾರ್ಮ್ಯಾಟ್ ಮಾಡಿಸಿದ್ರು. ಪೂರಾ ಸಾಫ್."

ವಸಂತಕುಮಾರ ಒಮ್ಮೆ ಪ್ರಭಾ ಕಡೆ, ಒಮ್ಮೆ ಗಡಿಯಾರದ ಕಡೆ ನೋಡಿದರು.

*

ಕಂಪ್ಯೂಟರ್ ಸ್ಲೋ ಎಂದು ದಿನಾ ಗೊಣಗುತ್ತಿದ್ದವಳು ಅಕ್ಷಯಾಳೇ. ಅದಕ್ಕೇ ರಾಯರು ಡಿಸ್ಕ್ ಕೊಂಡು ತಂದದ್ದು. ಕಳೆದ ಶನಿವಾರ ಅವಳು ಘಣಸೋಲಿಯ ಆಫೀಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನಿಂದ ಕರೆದಿದ್ದರು.

"ಒಂದು ಸಲ ನೋಡಿ ಹೋಗು ಮಾರಾಯ್ತಿ, ಸರಿಯಾಗಿದೆಯಾ ಅಂತ."

"ಡ್ರ್ಯಾಗ್ ಮಾಡಿ ಪಪ್ಪಾ, ಬಸ್. ನನ್ನ ಏಯ್ಟ್ ಟ್ವೆಲ್ವ್ ಲೋಕಲ್ ಟ್ರೇನ್ ಹೋಗ್ತದೆ."

"ಮಾಡಿದೆ. ಹನ್ನೊಂದು ವರ್ಷದ್ದು ಎರಡೇ ಸೆಕೆಂಡಿಗೆ ಹೋಯ್ತು. ಹೊಸ ಡಿಸ್ಕ್ ಅಂದ್ರೆ ಹೀಗುಂಟು ನೋಡು."

ಎರಡೇ ಸೆಕೆಂಡು. ದಿನವಿಡೀ ಕಂಪ್ಯೂಟರಿನ ಮುಂದೆಯೇ ಕೂರುವವಳಿಗೆ ಅಷ್ಟು ಕೇಳಿದ್ದೇ ಸಾಕಾಗಬೇಕಿತ್ತು. "ಹೂಂ," ಎಂದು ಲಿಫ್ಟಿಗೆ ಓಡಿದ್ದಳು.

ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟ ಮನುಷ್ಯರಲ್ಲ ರಾಯರು, ಇದನ್ನೂ ಬಿಡಲಿಲ್ಲ. ಸೋಮವಾರ ರಿಪೇರಿಯವನನ್ನು ಕರೆಸಿ ಕಂಪ್ಯೂಟರ್ ಖಾಲಿ ಮಾಡಿಸಿದರು. ಡಿಸ್ಕಿನ ಮೇಲೆ ಚೀಟಿ ಅಂಟಿಸಿ 'ಎಲ್ಲರ ಫೋಟೋ' ಎಂದು ದುಂಡಗೆ ಬರೆದರು. ಬಂಗಾರದ ಡಬ್ಬಿಯ ಪಕ್ಕ ಇಡು ಎಂದು ಹೆಂಡತಿಯ ಕೈಗೆ ಕೊಟ್ಟರು.

*

ಬಾಗಿಲ ಹಿಂದೆ ತೂಗಿದ್ದ ರಾಯರ ಅಂಗಿಯ ಜೇಬಿನಿಂದ ವಸಂತಕುಮಾರ ರೈಲ್ವೆ ಪಾಸಿನ ಗುರುತಿನ ಚೀಟಿ ತೆಗೆದರು. ಅದರಲ್ಲಿ ಉಗುರಿನಷ್ಟು ಫೋಟೋ, ಅದರ ಮೇಲೆ ಅರ್ಧ ಸೀಲು.

"ಸದ್ಯಕ್ಕೆ ಇದು ನಡೀತದೆ. ಅತ್ತಿಗೆಗೆ ಇವತ್ತು ಏನೂ ಹೇಳ್ಬೇಡ."

ಬದಲಾಪುರದಿಂದ ಬಂದ ರಾಯರ ಅಣ್ಣನ ಮಗ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಗಂಡಸರೆಲ್ಲ ಹೋದರು. ಮನೆಯಲ್ಲಿ ಉಳಿದದ್ದು ಹೆಂಗಸರು ಮತ್ತು ದೀಪ. ಸ್ಟುಡಿಯೋದಿಂದ ಫ್ರೇಮು ಬಂತು. ಫೋಟೋ ದೊಡ್ಡದಾದಂತೆ ಸೀಲೂ ದೊಡ್ಡದಾಗಿ, ಕಿವಿಯಿಂದ ತುಟಿಯವರೆಗೆ ನೀಲಿ ಗೆರೆ ಬಿದ್ದಿತ್ತು. ಹಾರ ಹಾಕಿದರೂ ಮುಚ್ಚಲಿಲ್ಲ.

"ಇದೆಂಥ ಮುಖ," ಎಂದರು ಪ್ರಭಾ. "ಗಾಡಿ ತಪ್ಪಿದವರ ಹಾಗೆ. ಮಲ್ಪೆಯದ್ದು ಇರ್ಲಿಲ್ವಾ ಅದ್ರಲ್ಲಿ?"

ಅಕ್ಷಯಾಳಿಗೆ ತನ್ನ ಮೇಲೇ ಅಸಹ್ಯವಾಯಿತು. "ಉಂಟಮ್ಮಾ," ಎಂದಳು. "ಪ್ರಿಂಟ್ ಮಾಡ್ಲಿಕ್ಕೆ ಟೈಮ್ ಇರ್ಲಿಲ್ಲ."

"ಹಾಗಾದ್ರೆ ಹದಿಮೂರನೇ ದಿನಕ್ಕೆ ಅದನ್ನೇ ಮಾಡಿಸುವ. ದೊಡ್ಡದು."

"ಹೂಂ."

ಪ್ರಭಾ ಎದ್ದು ಕಂಪ್ಯೂಟರಿನಿಂದ ವಯರನ್ನು ತಾವೇ ಬಿಡಿಸಿದರು. ಡಿಸ್ಕನ್ನು ಸೆರಗಿನಿಂದ ಒರೆಸಿ, ರಾಯರ ಕರ್ಚೀಫಿನಲ್ಲಿ ಸುತ್ತಿ, ಕಪಾಟಿನಲ್ಲಿ ಬಂಗಾರದ ಡಬ್ಬಿಯ ಪಕ್ಕ ಇಟ್ಟರು. ಕೀ ತಿರುಗಿಸಿ, ಬೀಗ ಸರಿಯಾಗಿ ಬಿದ್ದಿದೆಯೇ ಎಂದು ಹಿಡಿಯನ್ನು ಎರಡು ಸಲ ಎಳೆದು ನೋಡಿದರು.