ತೋಳ ಕಂಡರೆ ಕೂಗುವ ಮಂಜುಶ್ರೀ

ಮದುವೆಮನೆಯಲ್ಲಿ ಗುಂಪುಚಿತ್ರಕ್ಕಾಗಿ ಬಂಧುಬಳಗವನ್ನು ಒಂದೆಡೆ ನಿಲ್ಲಿಸುವುದು ಎಂಥ ಸಹನಾಮೂರ್ತಿಯನ್ನೂ ಸೋಲಿಸುವ ಕೆಲಸ. ಒಬ್ಬರು ಬಂದರೆಂದರೆ ಇನ್ನೊಬ್ಬರು ಊಟದ ಪಂಕ್ತಿಗೆ ನುಸುಳಿರುತ್ತಾರೆ. ಮಂಜುಶ್ರೀ ಮಾತ್ರ ಯಾರನ್ನೂ ಕರೆಯುವುದಿಲ್ಲ. ಗುಂಪಿನ ಹಿಂಬದಿಗೆ ಹೋಗಿ, ತುಸು ಎಡಕ್ಕೆ ನಿಂತು, ಎರಡೂ ಕೈಗಳನ್ನು ಅಗಲಿಸಿ, ನಾಲಿಗೆಯನ್ನು ಅಂಗುಳಿಗೆ ತಾಗಿಸಿ ಟುರ್ ಟುರ್ ಎಂದು ಸಣ್ಣಗೆ ಸದ್ದು ಮಾಡುತ್ತ ಒಂದೊಂದೇ ಹೆಜ್ಜೆ ಮುಂದೊತ್ತುತ್ತಾಳೆ. ರೇಷ್ಮೆ ಸೀರೆಯ ಅತ್ತೆಯಂದಿರೂ ಜರಿಪಂಚೆಯ ಮಾವಂದಿರೂ ತಮಗೇ ಅರಿವಿಲ್ಲದಂತೆ ವೇದಿಕೆಯ ಮೇಲೆ ಒತ್ತಾಗಿ ನಿಂತುಬಿಡುತ್ತಾರೆ. ತಿಪಟೂರಿನ ಛತ್ರವೊಂದರಲ್ಲಿ ಇದನ್ನು ಗಮನಿಸಿದ ಬೀಗರೊಬ್ಬರು, "ಏನ್ರೀ, ನಮ್ಮನ್ನೇನು ಕುರಿ ಅಂದ್ಕಂಡವಳಾ ಈ ಹುಡ್ಗಿ?" ಎಂದು ಮುಖ ಗಂಟಿಕ್ಕಿದರು. ಅವಳು ಕೆಲಸಕ್ಕಿರುವ ಫೋಟೋ ಸ್ಟುಡಿಯೋದ ಒಡೆಯ ರೇಣುಕಪ್ರಸಾದರು, "ಬೇಜಾರ್ ಮಾಡ್ಕಬ್ಯಾಡಿ. ಅವಳು ಅಷ್ಟು ಅಕ್ಕರೆಯಿಂದ ನೋಡೋದು ಕುರಿಗಳನ್ನೇ ಕಣ್ರೀ" ಎಂದರು. ಬೀಗರಿಗೆ ಅದು ಸಮಾಧಾನವೋ ಅವಮಾನವೋ ಕೊನೆಗೂ ತಿಳಿಯಲಿಲ್ಲ.

ಹುಳಿಯಾರಿನ ಆಚೆ, ಚಿಕ್ಕನಾಯಕನಹಳ್ಳಿಯ ಗುಡ್ಡಸಾಲು ತಗ್ಗುತ್ತ ಬಂದು ಕಾರೆಮುಳ್ಳು, ತಂಗಡಿ ಗಿಡಗಳ ಬಯಲಾಗುವ ಕಡೆ ಅವಳ ಹಟ್ಟಿ ಇದೆ. ತಾಯಿ ಮುದ್ದಕ್ಕ ಕುರಿಮಂದೆಯ ಒಡತಿ. ಅವಳ ಹಿಂದೆ ನಡೆದೇ ಬೆಳೆದ ಮಂಜುಶ್ರೀಗೆ ಇಂದಿಗೂ ನೇರವಾಗಿ ನಡೆಯಲು ಬಾರದು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾಳೆ, ಹತ್ತಿರದ್ದನ್ನು ಬಿಟ್ಟು ಮೊದಲು ದೂರದ ಅಂಚನ್ನು ನೋಡುತ್ತಾಳೆ. ಆ ಹಟ್ಟಿಯ ಮಕ್ಕಳು ಅಕ್ಷರಕ್ಕೂ ಮೊದಲು ಕಲಿಯುವ ವಿದ್ಯೆ ಒಂದಿದೆ: ತೋಳ ಕಂಡರೆ ಕೂಗಬೇಕು. ಯೋಚನೆ ಆಮೇಲೆ. ಹೊಟ್ಟೆಯ ಆಳದಿಂದ ಎದ್ದು ಗುಡ್ಡಕ್ಕೆ ಬಡಿದು ಮರಳುವ ಆ ಕೂಗನ್ನು ಮಂಜುಶ್ರೀ ಚೆನ್ನಾಗಿಯೇ ಕಲಿತಿದ್ದಳು, ಅದೇ ಮುಂದೆ ಅವಳಿಗೆ ತೊಡಕಾಯಿತು.

ಬೇಸಿಗೆಯಲ್ಲಿ ಈ ಮಂದೆಗಳು ತೆಂಗಿನ ಸೀಮೆಗೆ ಇಳಿಯುತ್ತವೆ. ತೋಟದವರು ಗೊಬ್ಬರದ ಆಸೆಗೆ ರಾತ್ರಿ ಕುರಿಗಳನ್ನು ತಮ್ಮ ತೆಂಗಿನ ಬುಡಗಳಲ್ಲಿ ತರುಬಿಸಿ ನಿಲ್ಲಿಸಿಕೊಳ್ಳುತ್ತಾರೆ. ಹಾಗೆ ನೊಣವಿನಕೆರೆಯ ತೋಟವೊಂದರಲ್ಲಿ ಮಂದೆ ನಿಂತಿದ್ದಾಗಲೇ ಆ ತೋಟದ ಒಡೆಯರೂ ಆದ ರೇಣುಕಪ್ರಸಾದರು ಈ ಹುಡುಗಿಯನ್ನು ಕಂಡದ್ದು. ಕೆರೆಯ ಹಕ್ಕಿಗಳ ಚಿತ್ರ ತೆಗೆಯಬೇಕೆಂಬ ಹಂಬಲದಿಂದ ಒಂದು ಕಾಲದಲ್ಲಿ ಅವರು ಉದ್ದನೆಯ ಲೆನ್ಸ್ ತರಿಸಿದ್ದರು. ಒಂದರ ಮೇಲೊಂದು ಬರುವ ಮದುವೆಯ ಮುಹೂರ್ತಗಳು ಅವರನ್ನು ಕೆರೆಯ ಏರಿ ಹತ್ತಲು ಬಿಟ್ಟಿರಲಿಲ್ಲ. ಯಾವ ಪೊದೆಯಲ್ಲಿ ಯಾವ ಜೀವ ಅಡಗಿದೆ ಎಂದು ಬೆರಳು ಚಾಚದೆ ಗಲ್ಲದ ಸನ್ನೆಯಲ್ಲೇ ತೋರಿಸುವ ಆ ಹುಡುಗಿಯನ್ನು ಅವರು, ಪಿಯುಸಿ ಮುಗಿದ ಮೇಲೆ, ತಮ್ಮ ಸ್ಟುಡಿಯೋಗೆ ಕರೆಸಿಕೊಂಡರು. ಬೆಳಕಿನ ಪಾಠ ಹೇಳಿದರು. ಒಂದು ದಿನ ಬೀರು ತೆರೆದು ಆ ಲೆನ್ಸನ್ನೂ ಒಂದು ಹಳೆಯ ಕ್ಯಾಮೆರಾವನ್ನೂ ಅವಳ ಕೈಗಿಟ್ಟರು. "ತಗಂಡ್ ಹೋಗು ಕಣಮ್ಮ. ಇಲ್ಲಿದ್ರೆ ಗಾಜಿಗೆ ಬೂಷ್ಟು ಹಿಡೀತದೆ, ನಂಗೂ ಅಷ್ಟೇ." ಆ ಮಾತನ್ನು ಹೇಳುವಾಗ ಮಂಜುಶ್ರೀಯ ಕಣ್ಣು ಈಗಲೂ ತೇವವಾಗುತ್ತದೆ.

ಮುಹೂರ್ತಗಳಿಲ್ಲದ ದಿನಗಳಲ್ಲಿ ಅವಳು ಹಟ್ಟಿಗೆ ಹೋಗುತ್ತಿದ್ದಳು. ಕಾಡಿನ ಬಣ್ಣದ ದುಬಾರಿ ಉಡುಪು ಅವಳಲ್ಲಿಲ್ಲ. ತಾಯಿಯ ಕರಿಕಂಬಳಿಯನ್ನು ಕೊಪ್ಪೆಯಾಗಿ ತಲೆಯ ಮೇಲಿಂದ ಇಳಿಬಿಟ್ಟು ಬಂಡೆಯ ಪಕ್ಕ ಕುಕ್ಕರಿಸಿದರೆ, ಕುರಿಯ ವಾಸನೆಯ ಆ ಗುಡಾರದೊಳಗೆ ಮನುಷ್ಯರಿರುವುದು ನರಿಗೂ ತಿಳಿಯದು, ಮುಂಗುಸಿಗೂ ತಿಳಿಯದು. ಒಳ್ಳೆಯ ಚಿತ್ರಗಳೇ ಬಂದವು. ಆದರೆ ಅವಳ ಮನಸ್ಸು ನೆಟ್ಟಿದ್ದು ತೋಳದಲ್ಲಿ. ಹುಟ್ಟಿದಂದಿನಿಂದ ಅದರ ಹೆಸರು ಕೇಳಿದವಳು, ಅದರ ಬೆನ್ನು ನೋಡಿದವಳು. ಓಡದೆ ನಿಂತ ತೋಳವನ್ನು ಒಮ್ಮೆಯಾದರೂ ಚಿತ್ರದಲ್ಲಿ ಹಿಡಿಯಬೇಕು, ಆಮೇಲೆ ತಾನು ಈ ಕೆಲಸದವಳೆಂದು ಹೇಳಿಕೊಳ್ಳಬಹುದು ಎಂದು ಅವಳು ತನಗೆ ತಾನೇ ಪಣ ಹಾಕಿಕೊಂಡಿದ್ದಳು.

ಒಂದು ಸಂಜೆ ಅದು ಬಂದೇಬಂತು. ಕಾರೆಮೆಳೆಯ ಪಕ್ಕದಿಂದ ಹೊರಟು, ಇಳಿಬಿಸಿಲಿನಲ್ಲಿ, ಯಾರ ಹಂಗೂ ಇಲ್ಲದಂತೆ ನಿಂತಿತು. ಬೆರಳು ಗುಂಡಿಯ ಮೇಲಿತ್ತು. ಆದರೆ ಬೆರಳಿಗಿಂತ ಮೊದಲು ಗಂಟಲು ಕೆಲಸ ಮಾಡಿತು. ಆ ಪುರಾತನ ಕೂಗು ಕಂಬಳಿಯೊಳಗಿಂದ ಸಿಡಿದು ಗುಡ್ಡವನ್ನೆಲ್ಲ ತುಂಬಿತು. ಚಿತ್ರದಲ್ಲಿ ಉಳಿದದ್ದು ಧೂಳು, ಒಂದು ಬಾಲದ ತುದಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅವಳು ಅತ್ತಳು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆಯೇ ಇದೆಯಲ್ಲ. ಹಟ್ಟಿಯವರೆಲ್ಲ ಸಿಕ್ಕಸಿಕ್ಕಲ್ಲಿ ಛೇಡಿಸಿದರು. ಮುದ್ದಕ್ಕ ಮಾತ್ರ ನಗುತ್ತಲೇ ಒಂದು ಉಪಾಯ ಹೇಳಿದಳು: "ಬಾಯೊಳಗೆ ದಪ್ಪನಾಗಿ ಒಂದ್ ಕೊಬ್ರಿ ಚೂರು ಇಟ್ಕೊಂಡು ಕೂತ್ಕೊಳೇ. ಬಾಯ್ ತುಂಬಿದ್ರೆ ಹೆಂಗ್ ಕೂಗ್ತೀಯ ನೋಡೇಬುಡಾನ."

ಕೊಬ್ಬರಿಯ ಉಪಾಯ ಫಲಿಸಿತು. ಮುಂದಿನ ಬಾರಿ ತೋಳ ಕಂಡಾಗ ಕೂಗು ಬಾಯಿವರೆಗೆ ಬಂದರೂ ಸದ್ದು ಹೊರಡಲಿಲ್ಲ. ಕಿವಿ ನಿಮಿರಿಸಿದ ಆ ಮುಖ ಲೆನ್ಸಿನೊಳಗೆ ನಿಚ್ಚಳವಾಗಿ ಕೂತಿತ್ತು. ಆದರೆ ಹಿಂದೆಂದೂ ಅಷ್ಟು ಹತ್ತಿರದಿಂದ ತೋಳದ ಕಣ್ಣನ್ನು ಕಾಣದಿದ್ದ ಅವಳಿಗೆ, ಅದು ಏನನ್ನು ನೋಡುತ್ತಿದೆ ಎಂಬ ಪ್ರಶ್ನೆ ಹುಟ್ಟಿತು. ಲೆನ್ಸನ್ನು ಆ ಕಡೆ ತಿರುಗಿಸಿದಳು. ಮುಳ್ಳಿನಲ್ಲಿ ಕಾಲು ಸಿಕ್ಕಿಸಿಕೊಂಡ ಒಂದು ಕುರಿಮರಿ. ಪಕ್ಕದ ಮನೆಯ ಭೂತಮ್ಮ, ಗಂಡ ತೀರಿಕೊಂಡ ಬಡವಿ, ಈ ತಾಯಿಮಗಳನ್ನು ನಂಬಿ ಮಂದೆಗೆ ಬಿಟ್ಟಿದ್ದ ಮರಿ. ಮಂಜುಶ್ರೀ ಕೊಬ್ಬರಿಯನ್ನು ಉಗಿದು ಕೂಗಿದಳು. ಮರಿ ಉಳಿಯಿತು, ತೋಳ ಹೋಯಿತು, ಚಿತ್ರ ಬರಲಿಲ್ಲ.

ಆ ಸಂಜೆ ಅವಳು ಲೆನ್ಸನ್ನು ಪಂಚೆಯ ತುಂಡಿನಲ್ಲಿ ಸುತ್ತಿದಳು. "ನಾಳಿಕೆ ಪ್ರಸಾದಣ್ಣಂಗೆ ವಾಪಸ್ ಕೊಟ್ಟುಬತ್ತೀನಿ ಕಣವ್ವ. ಕುರಿ ಕಾಯೋ ಕಣ್ಣಲ್ಲಿ ತೋಳಾನ ನೋಡಕಾಗಲ್ಲ."

ಮುದ್ದಕ್ಕನ ಬದುಕಿನಲ್ಲಿ ತೋಳ ಒಯ್ದ ಮರಿಗಳು ಒಂದೆರಡಲ್ಲ. ಆ ಪ್ರಾಣಿಯ ಮೇಲೆ ಅವಳಿಗೆ ಪ್ರೀತಿ ಇರಲು ಯಾವ ಕಾರಣವೂ ಇರಲಿಲ್ಲ. ಆದರೂ ಅಂದಳು: "ಕೊಡಬ್ಯಾಡ. ಕೂಗೋದು ನಂಗೆ ಬುಡು. ನಿನ್ ಪಾಲಿಂದೂ ನಾನೇ ಕೂಗ್ತೀನಿ, ನೀನು ನೋಡು. ಕೂಗಿದ್ರೆ ಅದು ಓಡ್ತದೆ, ಓಡಿ ಒಂದ್ ಗಳಿಗೆ ನಿಂತು ತಿರುಗಿ ನೋಡ್ತದೆ. ಆವಾಗ ಹಿಡ್ಕೊ."

ಮಂದೆಯ ಮುಂದೊಬ್ಬರು ಹಿಂದೊಬ್ಬರು ಇರಬೇಕೆಂಬುದು ಆ ಹಟ್ಟಿಯ ನೇಮ. ಮಂಡಿ ನೋಯುವ ಮುದ್ದಕ್ಕ ಆ ಮಳೆಗಾಲವೆಲ್ಲ ಎರಡೂ ಕಡೆ ತಾನೇ ಓಡಾಡಿದಳು. ಮಗಳ ಹುಚ್ಚಿಗೆ ತಾಳ ಹಾಕುತ್ತಾಳೆಂದು ಜನ ಆಡಿಕೊಂಡರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ತಂಗಡಿ ಹೂಬಿಟ್ಟ ಒಂದು ಬೆಳಗ್ಗೆ, ಇಳಿಜಾರಿನ ಪಕ್ಕದ ಬಂಡೆಯ ಮೇಲೆ ಮಂಜುಶ್ರೀ ಕೊಪ್ಪೆಯೊಳಗೆ ಕೂತಿದ್ದಾಗ ಕೆಳಗಿನಿಂದ ತಾಯಿಯ ಕೂಗು ಎದ್ದಿತು. ಅವಳ ಗಂಟಲೂ ಅಭ್ಯಾಸದಿಂದ ಮೇಲೆದ್ದಿತು. ಆದರೆ ಆ ಕೆಲಸವನ್ನು ಆಗಲೇ ಇನ್ನೊಬ್ಬರು ಮಾಡಿದ್ದರು. ತೋಳ ಏರಿನತ್ತ ಓಡಿಬಂದು, ಹಳದಿ ಹೂಗಳ ನಡುವೆ ಸರಕ್ಕನೆ ನಿಂತು, ಕತ್ತು ಹೊರಳಿಸಿ ಕೆಳಗೆ ನೋಡಿತು. ಅವಳು ಗುಂಡಿ ಒತ್ತಿದಳು.

ತಿಪಟೂರಿನ ಕಾಲೇಜೊಂದರಲ್ಲಿ ಆ ಚಿತ್ರ ಪ್ರದರ್ಶನಕ್ಕಿತ್ತು. ತೋಳ ಏನನ್ನು ನೋಡುತ್ತಿದೆ ಎಂದು ಕೇಳಿದವರಿಗೆಲ್ಲ ಮಂಜುಶ್ರೀ, "ನಮ್ಮವ್ವನ್ನ" ಎಂದು ಉತ್ತರ ಕೊಡುತ್ತಿದ್ದಳು. ರೇಣುಕಪ್ರಸಾದರು ಮುದ್ದಕ್ಕನನ್ನು ಕಾರಿನಲ್ಲಿ ಕರೆತಂದು ಚಿತ್ರದ ಮುಂದೆ ನಿಲ್ಲಿಸಿದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಗಾಜಿನ ಹತ್ತಿರಕ್ಕೆ ಹೋಗಿ, ಬಹಳ ಹೊತ್ತು ನೋಡಿದಳು.

"ಇಷ್ಟು ಚೆಂದಾಗೈತಾ ಇದು," ಎಂದಳು ಮೆಲ್ಲಗೆ. "ಓಡ್ಸಿ ಓಡ್ಸಿ ಜೀವ ಸವೀತು. ಒಂದ್ ದಿನಾನೂ ಇದರ ಮಕ ನೋಡಿರ್ಲಿಲ್ಲ ಕಣೇ."

ಕಾಡಿನ ಚಿತ್ರ ತೆಗೆಯುವವರು ಇಂದು ಬಹಳ ಮಂದಿ ಇದ್ದಾರೆ. ಅವರ ಶ್ರದ್ಧೆ ದೊಡ್ಡದು, ಸಾಧನೆಯೂ ದೊಡ್ಡದು. ಮಂಜುಶ್ರೀಯಂಥವರು ಅವರಲ್ಲಿ ಅಪರೂಪ. ಇವರು ತಮ್ಮ ಕಣ್ಣಿಗಾಗಿ ಮಾತ್ರ ನೋಡುವವರಲ್ಲ. ಸೌಂದರ್ಯದ ಪಕ್ಕದಲ್ಲೇ ಬದುಕಿಯೂ ಅದನ್ನು ನಿಂತು ನೋಡುವ ಬಿಡುವು ಸಿಗದೆ ಸವೆದವರು ಇವರ ಬೆನ್ನ ಹಿಂದೆ ಇರುತ್ತಾರೆ. ಇವರು ನೋಡುವುದು ಅವರ ಪರವಾಗಿ.