ನಲವತ್ತೊಂದನೇ ಗಿರಾಕಿ

"ಯಾರಾದ್ರೂ ಇವನ್ನ ಸುಮ್ಮನಾಗಿಸ್ರಪ್ಪಾ," ಎನ್ನುತ್ತ ದರ್ಜಿ ಕುರ್ಚಿ ಹತ್ತಿ ಗೋಡೆಗಡಿಯಾರದ ಲೋಲಕಕ್ಕೆ ಕೈ ಹಾಕಿದ. ಹನ್ನೊಂದು ಹೊಡೆಯಲು ಶುರುವಾಗಿ ಎರಡು ನಿಮಿಷವಾಗಿದ್ದರೂ ನಡುಮನೆಯ ಏಳು ಗಡಿಯಾರಗಳು ಒಂದರ ಹಿಂದೊಂದು ಹೊಡೆಯುತ್ತಲೇ ಇದ್ದವು.

"ಬೇಡಣ್ಣ, ಇಳೀರಿ," ಎಂದಳು ಸತ್ತವನ ಹೆಂಡತಿ. "ರಿಪೇರಿಯಾಗಿ ಎಂಟು ದಿನ ನಿಲ್ಲದೆ ನಡೆದ ಮೇಲೇ ಗಿರಾಕಿಗೆ ಕೊಡೋದು. ಇವತ್ತಿಗೆ ಏಳನೇ ದಿನ."

ದರ್ಜಿ ಇಳಿದ. ಗಡಿಯಾರಗಳ ಕೆಳಗೆ ಬಿಳಿ ಬಟ್ಟೆ ಹೊದಿಸಿ ಗಡಿಯಾರ ರಿಪೇರಿಯವನನ್ನು ಮಲಗಿಸಿದ್ದರು. ಎರಡು ಅಂಗೈಗಳನ್ನೂ ಎದೆಯ ಮೇಲೆ ಜೋಡಿಸಿಟ್ಟಿದ್ದರು. "ಎಂಥಾ ಕೈ ಅತ್ತಿಗೆ," ಎಂದು ದರ್ಜಿ ಕಣ್ಣೊರೆಸಿಕೊಂಡ. "ಪಕ್ಕದ ಅಂಗಡೀಲಿ ಮೂವತ್ತು ವರ್ಷ ಕೂತು ನೋಡಿದೀನಿ. ಕೂದಲೆಳೆಯಷ್ಟೂ ಅಲ್ಲಾಡ್ತಿರಲಿಲ್ಲ."

ಅವಳು ಬಿಳಿ ಬಟ್ಟೆಯ ಅಂಚನ್ನು ಸರಿಮಾಡಿದಳು. ಮೂರು ರಾತ್ರಿ ನಿದ್ದೆಯಿಲ್ಲದೆ ಅಳುವುದೂ ಒಂದು ಕೆಲಸವೆನಿಸಿತ್ತು.

ಬಾಗಿಲ ಬಳಿಯ ಗಂಡಸರು ದನಿ ತಗ್ಗಿಸಿ ಟೀವಿಯ ಸುದ್ದಿ ಮಾತಾಡುತ್ತಿದ್ದರು. ಯಾರೂ ಕೇಳಿರದ ಒಂದು ಸಂಘಟನೆ, ಸತ್ತವನ ಅಂಗಡಿಯಿದ್ದ ಹಳೆಯ ಕಟ್ಟಡವನ್ನು ಅವನ ಸಮೇತ ಸ್ಫೋಟಿಸಿದ್ದು ತಾವೇ ಎಂದು ಪತ್ರ ಬರೆದಿತ್ತು. ಬಾಂಬಿನ ಚೂರಿನಲ್ಲಿ ಸಿಕ್ಕ ನಲವತ್ತೊಂದು ಅದರ ಗುಪ್ತ ಸಂಕೇತ ಎಂದು ಬೆಳಗಿನಿಂದ ತೋರಿಸುತ್ತಿದ್ದರು.

"ನಲವತ್ತೊಂದು ಜನ ಊರೊಳಗೆ ಸೇರ್ಕೊಂಡಿದಾರಂತೆ."

"ಜನ ಅಲ್ರೀ, ಜಾಗ. ಇನ್ನು ನಲವತ್ತು ಬಾಕಿ."

"ನಮ್ಮ ಮನೆ ನಂಬರೇ ನಲವತ್ತೊಂದು ಮಾರಾಯ್ರೇ. ನಮ್ಮವಳು ಹಲಗೆ ಕಿತ್ತು ಮಂಚದಡಿ ಇಟ್ಟಿದಾಳೆ."

ಯಾರೋ ನಕ್ಕರು, ಒಳಗೆ ನೋಡಿ ಬಾಯಿ ಮುಚ್ಚಿಕೊಂಡರು.

ಇನ್‌ಸ್ಪೆಕ್ಟರ್ ಬಂದದ್ದು ಆಗಲೇ. ಅವನ ಕಣ್ಣುಗಳೂ ನಿದ್ದೆಗೆಟ್ಟು ಊದಿದ್ದವು. ಹೆಣಕ್ಕೆ ಕೈಮುಗಿದು, "ಈ ಹೊತ್ತಲ್ಲಿ ಕೇಳಬಾರದು, ಕ್ಷಮಿಸಿ," ಎಂದು ಮೊಬೈಲ್ ಮುಂದೆ ಹಿಡಿದ. "ಬಾಂಬಿಗೆ ಜೋಡಿಸಿದ್ದ ಅಲಾರಂ ಗಡಿಯಾರದ ಹಿಂದಿನ ತಗಡು ಇದು. ಕಟ್ಟಡದ ಕರೆಂಟ್ ಮೀಟರ್ ಕೋಣೆಯಲ್ಲಿ ಸಿಕ್ತು, ತಂತಿಯ ಬೆಸುಗೆ ಸಮೇತ. ಒಳಮೈಯಲ್ಲಿ ಈ ಗೀಚು. ಎಲ್ಲಾದ್ರೂ ನೋಡಿದೀರಾ? ಗೋಡೆ ಮೇಲೆ, ಚೀಟಿ ಮೇಲೆ?"

ಸಣ್ಣ ಕೊಕ್ಕೆ, ಅದರಡಿ ನಲವತ್ತೊಂದು, ಅದರಡಿ ಮೂರು ಗೀಟು.

ದರ್ಜಿ ಇಲ್ಲವೆಂದು ತಲೆಯಾಡಿಸಿದ. ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ನೋಡಿದಳು. ಕೊಕ್ಕೆಯ ತುದಿ ಒಳಕ್ಕೆ ಸುರುಳಿಯಾಗಿತ್ತು. ಅದು ಅವಳದೇ ಸುರುಳಿ.

*

ಹನ್ನೆರಡು ವರ್ಷದ ಹಿಂದೆ ಒಂದು ಸಂಜೆ ಗಂಡ ಅಂಗಡಿಯಿಂದ ಬಂದು, ಕರವಸ್ತ್ರದಲ್ಲಿ ಸುತ್ತಿದ್ದ ಒಂದು ವಾಚನ್ನು ಅವಳ ಮುಂದಿಟ್ಟಿದ್ದ. "ಈ ತಿರುಪು ಕೂರಿಸಿಕೊಡ್ತೀಯಾ?" ಎಂದು ಕೇಳಿ, ಬಲಗೈಯನ್ನು ಎಡಗೈಯಲ್ಲಿ ಅದುಮಿ ಹಿಡಿದು ಕೂತಿದ್ದ. ಅದುಮಿದರೂ ನಡುಗುತ್ತಿತ್ತು.

ಅಂದಿನಿಂದ ಅವನು ಹಗಲು ಅಂಗಡಿಯಲ್ಲಿ ಗಡಿಯಾರಗಳ ರೋಗ ಪತ್ತೆ ಮಾಡುವುದು, ಸಣ್ಣ ಕೆಲಸವೆಲ್ಲ ಸಂಜೆ ಮನೆಯಲ್ಲಿ ಅವಳು ಮಾಡುವುದು. ಪಾತ್ರೆ ತೊಳೆದ ಕೈ ಒರೆಸಿಕೊಂಡು, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂರುತ್ತಿದ್ದಳು. ಕೊನೆಗೆ ಮುಚ್ಚಳದ ಒಳಗೆ ಸೂಜಿಯಿಂದ ಗುರುತು: ಅಂಗಡಿಯ ಕೊಕ್ಕೆ, ಗಿರಾಕಿಯ ನಂಬರು, ಎಷ್ಟನೇ ಸಲದ ರಿಪೇರಿಯೋ ಅಷ್ಟು ಗೀಟು.

"ಯಾರಿಗೂ ಹೇಳಬೇಡ, ಮಗಳಿಗೂ," ಎಂದಿದ್ದ. "ಕೈ ಹೋಯ್ತು ಅಂದ್ರೆ ನಾನು ಹೋದ ಹಾಗೇ."

ಅವಳು ಹೇಳಿರಲಿಲ್ಲ.

*

ಇನ್‌ಸ್ಪೆಕ್ಟರನನ್ನು ನಡುಮನೆಯಲ್ಲೇ ಬಿಟ್ಟು ಅಡುಗೆಮನೆಗೆ ಬಂದಾಗ ಮಗಳು ಅವಳ ತೋಳು ಹಿಡಿದಳು. "ನಂಗೂ ಕಾಣಿಸ್ತಮ್ಮ. ಸುಮ್ಮನಿರು."

"ಅದು ಧಣಿಗಳ ಗಡಿಯಾರ ಕಣೇ. ನಲವತ್ತೊಂದು ಅವರ ನಂಬರು."

ಧಣಿ ಎಂದರೆ ಅಂಗಡಿಯಿದ್ದ ಕಟ್ಟಡದ ಮಾಲೀಕ. ಬಾಡಿಗೆಯವರನ್ನು ಎಬ್ಬಿಸಲು ಹತ್ತು ವರ್ಷ ಕೋರ್ಟು ಸುತ್ತಿ ಸೋತಿದ್ದ. ಹೋದ ತಿಂಗಳಷ್ಟೇ ಕಟ್ಟಡಕ್ಕೆ ಭಯೋತ್ಪಾದನೆಯ ವಿಮೆ ಮಾಡಿಸಿದನೆಂದು ದರ್ಜಿ ನಗೆಯಾಡಿದ್ದ.

"ಯಾರು ನಂಬ್ತಾರೆ? ನಂಬರಿನ ಪುಸ್ತಕ ಅಂಗಡೀಲೇ ಸುಟ್ಟುಹೋಯ್ತು. ಗುರುತು ಅಪ್ಪಂದು ಅಂದ್ರೆ ಬಾಂಬೂ ಅಪ್ಪಂದೇ ಅಂತಾರೆ. ಇಷ್ಟು ಸೂಕ್ಷ್ಮ ಕೆಲಸ ಆ ಕೈಗಲ್ಲದೆ ಇನ್ಯಾರಿಗಾಗುತ್ತೆ ಅಂತ ಬೀದಿಯೇ ಸಾಕ್ಷಿ ಹೇಳುತ್ತೆ. ಇವತ್ತು ಹುತಾತ್ಮ ಅಂತಿದಾರೆ. ಹಾಗೇ ಹೋಗಲಿ ಬಿಡಮ್ಮ."

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

ಧಣಿ ದೊಡ್ಡ ಹೂವಿನ ಹಾರ ಹಿಡಿದು ಬಂದ. ಹಾರ ಇಟ್ಟು ಬಹಳ ಹೊತ್ತು ಬಗ್ಗಿಯೇ ನಿಂತಿದ್ದ. ಎದ್ದಾಗ ಅವನ ಮುಖ ನಿಜವಾಗಿಯೂ ಕಂಗೆಟ್ಟಿತ್ತು. "ರಜಾ ದಿನ ಯಾಕಮ್ಮ ಹೋದ್ರು ಇವರು? ಇಡೀ ಕಟ್ಟಡ ಖಾಲಿ ಇರಬೇಕಿತ್ತು."

"ಗಡಿಯಾರಕ್ಕೆ ಕೀಲಿ ಕೊಡೋಕೆ," ಎಂದಳು. "ಅವುಕ್ಕೆ ರಜೆ ಇಲ್ವಲ್ಲ."

ಧಣಿ ಹಾರದ ಎಳೆ ಸರಿಪಡಿಸಿದ. "ಹೊಸ ಕಟ್ಟಡದ ಬಾಗಿಲಲ್ಲಿ ಇವರ ಹೆಸರಿನ ಕಲ್ಲು ಹಾಕಿಸ್ತೀನಿ. ಮಾತು ಕೊಡ್ತೀನಿ."

ಅವಳು ಗಂಡನ ಕೈಗಳನ್ನು ನೋಡಿದಳು. ಕೊನೆಗೂ ನಿಶ್ಚಲವಾಗಿದ್ದವು. ತಪ್ಪಾಯ್ತು ಕಣ್ರೀ, ಎಂದು ಮನಸ್ಸಿನಲ್ಲೇ ಅಂದುಕೊಂಡಳು.

"ಧಣಿ, ನಿಮ್ಮ ವಾಚು ಸ್ವಲ್ಪ ಕೊಡಿ."

"ಈಗ ಯಾಕಮ್ಮ? ಸರಿಯಾಗೇ ಓಡ್ತಿದೆ."

"ಓಡ್ಲಿ. ಒಂದು ಸಲ ಕೊಡಿ."

ಮಗಳು "ಅಮ್ಮಾ" ಎಂದಳು. ಎಲ್ಲರೂ ನೋಡುತ್ತಿದ್ದರು, ಹೆಣದ ಮುಂದೆ ವಿಧವೆ ಚಾಚಿದ ಕೈಗೆ ಇಲ್ಲವೆನ್ನಲಾಗದೆ ಧಣಿ ಪಟ್ಟಿ ಬಿಚ್ಚಿದ. ಅವಳು ಮೇಜಿನ ಸೆಳೆಖಾನೆಯಿಂದ ಚೂಪು ಚಾಕು ತೆಗೆದು, ಒಂದೇ ಮೀಟಿಗೆ ಮುಚ್ಚಳ ಎಬ್ಬಿಸಿ, ಮಸೂರದ ಜೊತೆ ಇನ್‌ಸ್ಪೆಕ್ಟರನ ಕೈಗಿಟ್ಟಳು.

ಇನ್‌ಸ್ಪೆಕ್ಟರ್ ಕಿಟಕಿಯ ಬೆಳಕಿಗೆ ತಿರುಗಿದ. ಮೊಬೈಲಿನ ಚಿತ್ರ ನೋಡಿದ, ಮತ್ತೆ ಮುಚ್ಚಳ ನೋಡಿದ. "ಇದರಲ್ಲಿ ಎರಡೇ ಗೀಟು."

"ಅದು ಎರಡೇ ಸಲ ಕೆಟ್ಟಿದ್ದು. ಅಲಾರಂ ಮೂರು ಸಲ. ಒಬ್ಬರ ಮನೇದು ಎಲ್ಲಕ್ಕೂ ಒಂದೇ ನಂಬರು."

"ಬರೆದದ್ದು ನಿಮ್ಮ ಯಜಮಾನ್ರಾ?"

"ನಾನು," ಎಂದಳು. "ಅವರ ಕೈ ನಡುಗ್ತಿತ್ತು. ಹನ್ನೆರಡು ವರ್ಷದಿಂದ ಒಂದು ತಿರುಪು ಹಾಕೋಕೂ ಆಗ್ತಿರಲಿಲ್ಲ. ಇನ್ನು ಬಾಂಬಿನ ತಂತಿಗೆ ಬೆಸುಗೆ ಎಲ್ಲಿ ಹಾಕಿಯಾರು? ಬೇಕಾದ್ರೆ ಸೂಜಿ ಕೊಡಿ, ಇಲ್ಲೇ ಬರೆದು ತೋರಿಸ್ತೀನಿ."

"ಏನಂತೀರಿ ಅತ್ತಿಗೆ..." ಎಂದ ದರ್ಜಿ, ಕುರ್ಚಿಯಲ್ಲಿ ಕುಸಿದ.

ಮೊದಲ ಗಡಿಯಾರ ಹನ್ನೆರಡು ಹೊಡೆಯತೊಡಗಿತು, ಅದು ಮುಗಿಯುವ ಮುನ್ನ ಎರಡನೆಯದು. ಯಾರೂ ಅವನ್ನು ನಿಲ್ಲಿಸಲು ಹೋಗಲಿಲ್ಲ. ಧಣಿ ಅಭ್ಯಾಸಬಲದಿಂದ ಎಡಗೈ ಎತ್ತಿ ಹೊತ್ತು ನೋಡಿಕೊಂಡ. ಬಿಸಿಲು ಕಾಣದ ಬಿಳಿಯ ಪಟ್ಟೆಯೊಂದು ಮಣಿಕಟ್ಟಿನ ಸುತ್ತ ಇತ್ತು. ಅದರ ಮೇಲೆ ಅವನು ಮೆಲ್ಲಗೆ ಬಲಗೈ ಮುಚ್ಚಿದ.